ಕೊಡುವ ಮನಸ್ಸು

ತನ್ನ ಹಣ, ವಸ್ತು, ದುಡಿಮೆ, ಸಮಯ ಅಥವಾ ಅನುಕೂಲದಲ್ಲಿ ಒಂದಷ್ಟನ್ನು ಇನ್ನೊಬ್ಬರಿಗಾಗಿ, ಇಲ್ಲವೇ ಎಲ್ಲರಿಗೂ ಸೇರಿದ ಕೆಲಸಕ್ಕಾಗಿ ಬಿಟ್ಟುಕೊಡಲು ವ್ಯಕ್ತಿ ಅಥವಾ ಗುಂಪು ತೋರುವ ಸಿದ್ಧತೆಯೇ ಕೊಡುವ ಮನಸ್ಸು. ಸರಕಿಗೆ ಬೆಲೆ ತೆರುವುದು, ತೆರಿಗೆ ಕಟ್ಟುವುದು, ವಂತಿಗೆ ಹಾಕುವುದು, ರಕ್ತ ಕೊಡುವುದು, ಸಬ್ಸಿಡಿ ಬಿಟ್ಟುಕೊಡುವುದು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಮಾನವಶಾಸ್ತ್ರ ಮತ್ತು ಸಾರ್ವಜನಿಕ ಆಡಳಿತ ಶಾಸ್ತ್ರಗಳು ಇದನ್ನು ಬೇರೆ ಬೇರೆ ದಿಕ್ಕಿನಿಂದ ಅಭ್ಯಾಸ ಮಾಡಿವೆ. ಒಂದು ಸರಕು ಅಥವಾ ಸೇವೆಗಾಗಿ ಒಬ್ಬರು ಕೈಬಿಡಲು ಒಪ್ಪುವ ಗರಿಷ್ಠ ಮೊತ್ತವನ್ನು ಈ ಲೇಖನದಲ್ಲಿ ‘ತೆರಲೊಪ್ಪುವ ಬೆಲೆ’ ಎಂದೂ, ಏನೂ ಕೊಡದೆ ಇತರರು ಕೊಟ್ಟದ್ದರ ಫಲ ಉಣ್ಣುವುದನ್ನು ‘ಬಿಟ್ಟಿ ಫಲಾನುಭವ’ ಎಂದೂ ಕರೆಯಲಾಗಿದೆ.

ಕೊಡುವ ಮನಸ್ಸನ್ನು ವ್ಯಕ್ತಿಯ ಹುಟ್ಟುಗುಣವೆಂದೋ, ಆದಾಯದ ನೇರ ಫಲವೆಂದೋ ಎಣಿಸುವುದು ವಾಡಿಕೆ. ಕಳೆದ ಐದಾರು ದಶಕಗಳಲ್ಲಿ ಸೇರಿರುವ ಪುರಾವೆ ಈ ಎಣಿಕೆಯನ್ನು ಪೂರ್ತಿಯಾಗಿ ಬೆಂಬಲಿಸುವುದಿಲ್ಲ. ಒಬ್ಬನೇ ವ್ಯಕ್ತಿ ಒಂದೆಡೆ ಧಾರಾಳವಾಗಿಯೂ ಇನ್ನೊಂದೆಡೆ ಬಿಗಿಮುಷ್ಟಿಯವನಾಗಿಯೂ ನಡೆದುಕೊಳ್ಳುತ್ತಾನೆ. ಇತರರು ಕೊಡುತ್ತಿದ್ದಾರೆಯೇ, ಕೊಟ್ಟದ್ದು ಹೇಳಿದ ಕೆಲಸಕ್ಕೇ ಸೇರುತ್ತದೆಯೇ, ಕೇಳುತ್ತಿರುವುದು ಬೆಲೆಯೋ ತೆರಿಗೆಯೋ ಕೊಡುಗೆಯೋ ಎಂಬ ಮೂರು ಪ್ರಶ್ನೆಗಳಿಗೆ ಸನ್ನಿವೇಶ ನೀಡುವ ಉತ್ತರವೇ ಈ ವ್ಯತ್ಯಾಸದ ಬಹುಪಾಲನ್ನು ವಿವರಿಸುತ್ತದೆ.

ಅಧ್ಯಯನದ ಹಿನ್ನೆಲೆ

ಫ್ರಾನ್ಸಿನ ರಸ್ತೆ ಮತ್ತು ಸೇತುವೆಗಳ ಎಂಜಿನಿಯರ್ ಜೂಲ್ ದ್ಯುಪ್ಯೂಯಿ 1844ರಲ್ಲಿ ಸಾರ್ವಜನಿಕ ಕಾಮಗಾರಿಗಳ ಉಪಯುಕ್ತತೆಯನ್ನು ಅಳೆಯುವ ಬಗ್ಗೆ ಪ್ರಬಂಧ ಬರೆದ. ಸೇತುವೆಯಿಂದ ಜನರಿಗಾಗುವ ಲಾಭ ಅವರು ಕಟ್ಟುವ ಸುಂಕದಷ್ಟೇ ಅಲ್ಲ, ಅವರು ಕಟ್ಟಲು ಒಪ್ಪುತ್ತಿದ್ದ ಗರಿಷ್ಠ ಸುಂಕದಷ್ಟು ಎಂಬುದು ಅವನ ವಾದ. ತೆರಲೊಪ್ಪುವ ಬೆಲೆಯ ಪರಿಕಲ್ಪನೆ ಬೆಳೆದದ್ದು ಇಲ್ಲಿಂದ. ಹಂಚಿಕೊಳ್ಳುವಿಕೆಯ ಅಧ್ಯಯನ ಮಾನವಶಾಸ್ತ್ರದ ಕಡೆಯಿಂದ ಬಂತು. ಕೊಡುಗೆ ಎಂಬುದು ಕೊಡುವ, ಸ್ವೀಕರಿಸುವ ಮತ್ತು ಹಿಂದಿರುಗಿಸುವ ಮೂರು ಕಟ್ಟಳೆಗಳ ಸರಪಳಿ ಎಂದು ಮಾರ್ಸೆಲ್ ಮಾಸ್ 1925ರಲ್ಲಿ ವಿವರಿಸಿದ. 1965ರಲ್ಲಿ ಮ್ಯಾನ್ಸರ್ ಓಲ್ಸನ್ ಎದುರು ದಿಕ್ಕಿನ ಪ್ರಶ್ನೆ ಎತ್ತಿದ. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲು ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗುತ್ತದೆ. ಆದ್ದರಿಂದ ಬಲವಂತವಾಗಲಿ ಪ್ರತ್ಯೇಕ ಲಾಭವಾಗಲಿ ಇಲ್ಲದೆ ಜನ ಸಾರ್ವಜನಿಕ ಒಳಿತಿಗೆ ಕೊಡುವುದಿಲ್ಲ ಎಂಬುದು ಅವನ ನಿಲುವು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಇದೇ ತರ್ಕವನ್ನು ಗೋಮಾಳದಂಥ ಸಾಮೂಹಿಕ ಸಂಪನ್ಮೂಲಕ್ಕೆ ಅನ್ವಯಿಸಿದ.

ಓಲ್ಸನ್ ಮತ್ತು ಹಾರ್ಡಿನ್‌ರ ತರ್ಕ ಎಷ್ಟು ಗಟ್ಟಿಯಾಗಿತ್ತೆಂದರೆ, ಮುಂದಿನ ಸಂಶೋಧನೆಯ ಬಹುಭಾಗ ಅದಕ್ಕೆ ಉತ್ತರ ಹುಡುಕುವುದರಲ್ಲೇ ಕಳೆಯಿತು. ಸ್ವಿಸ್ ಹುಲ್ಲುಗಾವಲು, ಜಪಾನಿನ ಗ್ರಾಮಾರಣ್ಯ, ಸ್ಪೇನಿನ ನೀರಾವರಿ ಕಾಲುವೆಗಳಲ್ಲಿ ಜನ ಶತಮಾನಗಳ ಕಾಲ ತಾವೇ ನಿಯಮ ಮಾಡಿಕೊಂಡು, ತಾವೇ ಕಾವಲು ಕಾದು, ತಪ್ಪಿದವರಿಗೆ ತಾವೇ ದಂಡ ಹಾಕಿಕೊಂಡು ಬಂದಿರುವುದನ್ನು ಎಲಿನೋರ್ ಆಸ್ಟ್ರಮ್ 1990ರಲ್ಲಿ ದಾಖಲಿಸಿದಳು. ಈ ಕೆಲಸಕ್ಕೆ 2009ರಲ್ಲಿ ಆಕೆಗೆ ನೊಬೆಲ್ ಸ್ಮಾರಕ ಪ್ರಶಸ್ತಿ ದೊರೆಯಿತು. ಅರ್ಥಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಆಕೆ.

ರೂಪಗಳು

ಕೊಡುವ ಮನಸ್ಸು ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣುತ್ತದೆ. ಬೆಲೆ ತೆರುವಲ್ಲಿ ಕೊಟ್ಟದ್ದಕ್ಕೆ ಪ್ರತಿಯಾಗಿ ಇಂಥದೇ ಎಂಬ ವಸ್ತು ಅಥವಾ ಸೇವೆ ಸಿಗುತ್ತದೆ. ಪಾಲು ಹಂಚುವಲ್ಲಿ ಪ್ರತಿಫಲ ನಿಗದಿಯಾಗಿರುವುದಿಲ್ಲ. ಅದು ತಡವಾಗಿ, ಬೇರೊಂದು ರೂಪದಲ್ಲಿ, ಬೇರೆಯವರ ಕೈಯಿಂದಲೂ ಬರಬಹುದು. ತ್ಯಾಗದಲ್ಲಿ ಪ್ರತಿಫಲದ ನಿರೀಕ್ಷೆಯೇ ಇಲ್ಲ, ಇದ್ದರೂ ಅದು ಗೌರವ ಅಥವಾ ಆತ್ಮತೃಪ್ತಿಯ ರೂಪದ್ದು. ವ್ಯವಹಾರದಲ್ಲಿ ಈ ಗಡಿಗಳು ಕಲಸಿಹೋಗುತ್ತವೆ. ತೆರಿಗೆ ಬಲವಂತದ್ದೇ ಆದರೂ ಅದನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕಟ್ಟುವುದರಲ್ಲಿ ಸ್ವಂತ ಒಪ್ಪಿಗೆಯ ಅಂಶವಿದೆ. ಊರಹಬ್ಬದ ವಂತಿಗೆ ಹೆಸರಿಗೆ ಐಚ್ಛಿಕ, ಆದರೆ ಕೊಡದ ಮನೆ ಯಾವುದೆಂದು ಊರಿಗೆಲ್ಲ ಗೊತ್ತಿರುತ್ತದೆ.

ತ್ಯಾಗವೆಂದು ಕರೆಯಲಾಗುವ ಎಲ್ಲವೂ ಸ್ವಂತ ಇಚ್ಛೆಯದ್ದೆಂದು ತಿಳಿಯಲಾಗದು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ಕಲ್ಲನಕೇರಿಯ ಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಬಲಿಗೆ ಆಯ್ಕೆಯಾಗುವುದು ಮನೆಯ ಕಿರಿಯ ಸೊಸೆ ಭಾಗೀರತಿ. ಲಾಭ ಇಡೀ ಊರಿನದು, ನಿರ್ಧಾರ ಹಿರಿಯರದು, ತೆರುವವಳು ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನ ಹಕ್ಕಿದ್ದವಳು. ಯಾರು ಕೊಟ್ಟರು ಎಂಬುದರ ಜೊತೆಗೆ ಯಾರಿಂದ ಕೊಡಿಸಲಾಯಿತು ಎಂಬುದನ್ನೂ ಕೇಳದೆ ತ್ಯಾಗವನ್ನು ಅಳೆಯುವ ಅಧ್ಯಯನ ಅಪೂರ್ಣ.

ಅಳೆಯುವ ಬಗೆ

ಕೊಡುವ ಮನಸ್ಸನ್ನು ಮೂರು ದಾರಿಗಳಿಂದ ಅಳೆಯುತ್ತಾರೆ. ಮೊದಲನೆಯದು ನಡತೆಯಿಂದ ಊಹಿಸುವುದು. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಮನೆಯವರು ತಾರಸಿಯ ಮೇಲೆ ಪ್ಲಾಸ್ಟಿಕ್ ಟ್ಯಾಂಕು, ನೆಲದಡಿಯಲ್ಲಿ ಸಂಪು, ಪಂಪಿನ ಕರೆಂಟು, ಟ್ಯಾಂಕರ್ ನೀರು, ಕುಡಿಯಲು ಕ್ಯಾನು ಎಂದು ಮಾಡುವ ಖರ್ಚನ್ನೆಲ್ಲ ಕೂಡಿದರೆ ಅವರು ನೀರಿಗೆ ತೆರಲು ಸಿದ್ಧರಿರುವ ಬೆಲೆಯ ಕೆಳಮಿತಿ ಸಿಗುತ್ತದೆ. ಆ ಮೊತ್ತ ಪುರಸಭೆಯ ನೀರಿನ ಕಂದಾಯವನ್ನು ಮೀರಿದ್ದರೂ ಕಂದಾಯ ಏರಿಸಿದರೆ ಪ್ರತಿಭಟನೆ ಏಳುವುದುಂಟು. ಮೇಲುನೋಟಕ್ಕೆ ಇದು ಅಸಂಗತ. ಆದರೆ ಟ್ಯಾಂಕರಿನವನಿಗೆ ಕೊಟ್ಟ ಹಣಕ್ಕೆ ಆ ಹೊತ್ತಿಗೇ ನೀರು ಬರುತ್ತದೆ, ಕಂದಾಯ ಏರಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಹೆಚ್ಚುವ ಭರವಸೆಯಿಲ್ಲ. ವಿರೋಧ ಬೆಲೆಗಲ್ಲ, ಭರವಸೆಯಿಲ್ಲದಿರುವುದಕ್ಕೆ.

ಎರಡನೆಯ ದಾರಿ ನೇರವಾಗಿ ಕೇಳುವುದು. ಮಾರುಕಟ್ಟೆಯೇ ಇಲ್ಲದ ಕಾಡು, ಕಡಲತೀರ, ವನ್ಯಜೀವಿಗಳ ವಿಷಯದಲ್ಲಿ ಸಮೀಕ್ಷೆಯ ಹೊರತು ಬೇರೆ ಉಪಾಯ ಕಡಿಮೆ. 1989ರ ಮಾರ್ಚ್ 24ರಂದು ಅಲಾಸ್ಕಾದ ಕಡಲಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಕಚ್ಚಾತೈಲ ಚೆಲ್ಲಿದ ಮೇಲೆ ಈ ವಿಧಾನ ನ್ಯಾಯಾಲಯದ ವ್ಯಾಜ್ಯದ ವಸ್ತುವಾಯಿತು. ಆ ತೀರವನ್ನು ಎಂದೂ ನೋಡದ ಅಮೆರಿಕನ್ನರೂ ಅಂಥ ಇನ್ನೊಂದು ಅವಘಡ ತಡೆಯಲು ಎಷ್ಟು ಕೊಡುತ್ತಾರೆಂದು ಕೇಳಿ, ಅಲಾಸ್ಕಾ ರಾಜ್ಯದ ಪರ ಸಂಶೋಧಕರು ನಷ್ಟವನ್ನು ಸುಮಾರು 280 ಕೋಟಿ ಡಾಲರ್ ಎಂದು ಅಂದಾಜಿಸಿದರು. ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ತಜ್ಞರ ಸಮಿತಿ 1993ರಲ್ಲಿ ಈ ವಿಧಾನವನ್ನು ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಒಪ್ಪಿತು. ದೌರ್ಬಲ್ಯಗಳೂ ಅದೇ ಕಾಲದಲ್ಲಿ ಬಯಲಾದವು. ತೈಲದ ಹೊಂಡಗಳಲ್ಲಿ ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಎಂದು ಮೂರು ಗುಂಪುಗಳನ್ನು ಕೇಳಿದಾಗ 2,000 ಹಕ್ಕಿಗಳಿಗೆ 80 ಡಾಲರ್, 20,000 ಹಕ್ಕಿಗಳಿಗೆ 78 ಡಾಲರ್, 2,00,000 ಹಕ್ಕಿಗಳಿಗೆ 88 ಡಾಲರ್ ಎಂಬ ಸರಾಸರಿ ಉತ್ತರ ಬಂತು. ಜನ ಹಕ್ಕಿಗಳನ್ನು ಎಣಿಸಿರಲಿಲ್ಲ. ಎಣ್ಣೆ ಮೆತ್ತಿದ ರೆಕ್ಕೆಯ ಒಂದು ಚಿತ್ರಕ್ಕೆ ಬೆಲೆ ಕಟ್ಟಿದ್ದರು.

ಮೂರನೆಯದು ಪ್ರಯೋಗ. 1982ರಲ್ಲಿ ಜರ್ಮನಿಯ ವೆರ್ನರ್ ಗ್ಯೂತ್ ಮತ್ತು ಸಂಗಡಿಗರು ರೂಪಿಸಿದ ‘ಅಂತಿಮ ಷರತ್ತಿನ ಆಟ’ದಲ್ಲಿ ಒಬ್ಬ ಹಣವನ್ನು ಹಂಚುವ ಸೂಚನೆ ಕೊಡುತ್ತಾನೆ, ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಪಾಲು, ತಿರಸ್ಕರಿಸಿದರೆ ಇಬ್ಬರಿಗೂ ಸೊನ್ನೆ. ಬರೀ ಸ್ವಲಾಭವೇ ಲೆಕ್ಕವಾಗಿದ್ದರೆ ಎರಡನೆಯವನು ಒಂದು ರೂಪಾಯಿಯನ್ನೂ ಬೇಡವೆನ್ನಬಾರದು. ನಿಜದಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆ ಕೊಡಹೊರಟರೆ ಹೆಚ್ಚಿನ ಕಡೆ ಸುಮಾರು ಅರ್ಧದಷ್ಟು ಜನ ತಿರಸ್ಕರಿಸುತ್ತಾರೆ. ಅನ್ಯಾಯವೆನಿಸಿದ್ದನ್ನು ಶಿಕ್ಷಿಸಲು ಮನುಷ್ಯ ಸ್ವಂತ ನಷ್ಟವನ್ನೂ ಸಹಿಸುತ್ತಾನೆ ಎಂಬುದಕ್ಕೆ ಇದು ಪ್ರಯೋಗಶಾಲೆಯ ಮೊದಲ ಸ್ಪಷ್ಟ ಪುರಾವೆ.

ಮನಸ್ಸನ್ನು ರೂಪಿಸುವ ಅಂಶಗಳು

ಇತರರ ನಡತೆ: ಜ್ಯೂರಿಕ್‌ನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಉರ್ಸ್ ಫಿಷ್‌ಬಾಕರ್, ಸೈಮನ್ ಗೆಕ್ಟರ್ ಮತ್ತು ಎರ್ನ್‌ಸ್ಟ್ ಫೆರ್, ಸಾಮೂಹಿಕ ನಿಧಿಗೆ ಇತರರು ಇಷ್ಟಿಷ್ಟು ಹಾಕಿದರೆ ನೀವೆಷ್ಟು ಹಾಕುತ್ತೀರಿ ಎಂದು ಭಾಗಿಗಳನ್ನು ಕೇಳಿದರು. ಸುಮಾರು ಅರ್ಧದಷ್ಟು ಜನ ಇತರರು ಹೆಚ್ಚು ಹಾಕಿದರೆ ತಾವೂ ಹೆಚ್ಚು, ಕಡಿಮೆ ಹಾಕಿದರೆ ತಾವೂ ಕಡಿಮೆ ಎಂದರು. ಮೂರನೇ ಒಂದು ಭಾಗಕ್ಕೆ ಹತ್ತಿರದವರು ಯಾರು ಏನೇ ಮಾಡಲಿ ಸೊನ್ನೆ ಎಂದರು. ‘ಷರತ್ತಿನ ಸಹಕಾರ’ ಎಂದು ಹೆಸರಾದ ಈ ಪ್ರವೃತ್ತಿಯೇ ಈ ಕ್ಷೇತ್ರದ ನಡುಗಂಬ. ಇಂಥ ಸಾಮೂಹಿಕ ನಿಧಿಯ ಆಟವನ್ನು ಮತ್ತೆ ಮತ್ತೆ ಆಡಿಸಿದಾಗ ವಂತಿಗೆ ಸುತ್ತಿನಿಂದ ಸುತ್ತಿಗೆ ಕುಸಿಯುವುದಕ್ಕೂ ಇದೇ ಕಾರಣ. ಕೊಡುವವರು ಜಿಪುಣರಾಗಿ ಬದಲಾದದ್ದಲ್ಲ; ತಾವು ಕೊಟ್ಟದ್ದನ್ನು ಬಿಟ್ಟಿ ಫಲಾನುಭವಿಗಳು ಉಣ್ಣುತ್ತಿರುವುದನ್ನು ಕಂಡು ಕೈ ಬಿಗಿಹಿಡಿದದ್ದು. ಬೇರೆ ಪ್ರಯೋಗಗಳಲ್ಲಿ ಕೊಡದವರಿಗೆ ದಂಡ ಹಾಕುವ ಅವಕಾಶ ಕೊಟ್ಟಾಗ, ಆ ದಂಡ ಹಾಕಲು ತಾವೂ ಖರ್ಚು ಮಾಡಬೇಕಿದ್ದರೂ ಜನ ಹಾಕಿದರು, ವಂತಿಗೆ ಮೇಲೆದ್ದಿತು. ಹೆಚ್ಚಿನ ಜನ ತೆರಿಗೆಯನ್ನು ಸಕಾಲಕ್ಕೆ ಕಟ್ಟುತ್ತಿದ್ದಾರೆ, ನೀವು ಬಾಕಿ ಇರುವ ಕೆಲವರಲ್ಲಿ ಒಬ್ಬರು ಎಂಬ ಒಂದು ಸಾಲನ್ನು ನೆನಪೋಲೆಗೆ ಸೇರಿಸಿ ಬ್ರಿಟನ್ನಿನ ತೆರಿಗೆ ಇಲಾಖೆ ಬಾಕಿ ವಸೂಲಿಯನ್ನು ಹೆಚ್ಚಿಸಿಕೊಂಡದ್ದು ಈ ತತ್ವದ ಆಡಳಿತ ಬಳಕೆ. ‘ಯಾರೂ ತೆರಿಗೆ ಕಟ್ಟುತ್ತಿಲ್ಲ’ ಎಂದು ಗದರಿಸುವ ಜಾಹೀರಾತು ಇದರ ತದ್ವಿರುದ್ಧ ಕೆಲಸ ಮಾಡುವ ಅಪಾಯವಿದೆ.

ಕೇಳಿಕೆಯ ಸ್ವರೂಪ: ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಯೂರಿ ನೀಜಿ ಮತ್ತು ಆಲ್ಡೊ ರುಸ್ತಿಕಿನಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ಹತ್ತು ನಿಮಿಷಕ್ಕಿಂತ ತಡವಾಗಿ ಬರುವ ತಂದೆತಾಯಂದಿರಿಗೆ ಆರು ವಿಹಾರಗಳಲ್ಲಿ 10 ಶೆಕೆಲ್ ದಂಡ ಗೊತ್ತುಮಾಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಇಮ್ಮಡಿಯಾದರು. ದಂಡ ತೆಗೆದ ಮೇಲೂ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಅದುವರೆಗೆ ತಡವಾಗುವುದೆಂದರೆ ಟೀಚರಮ್ಮನಿಗೆ ತೊಂದರೆ ಕೊಡುವುದಾಗಿತ್ತು. ದಂಡ ಬಂದ ಮೇಲೆ ಅದು ಹಣ ಕೊಟ್ಟು ಕೊಳ್ಳಬಹುದಾದ ಸೇವೆಯಾಯಿತು. ಸ್ವಿಟ್ಜರ್ಲೆಂಡಿನ ವೊಲ್ಫೆನ್‌ಶೀಸನ್‌ನಲ್ಲಿ 1993ರಲ್ಲಿ ಬ್ರೂನೊ ಫ್ರೈ ಮತ್ತು ಫೆಲಿಕ್ಸ್ ಓಬರ್‌ಹೋಲ್ಜರ್-ಗೀ ಕಂಡದ್ದೂ ಇಂಥದೇ. ಅಣುತ್ಯಾಜ್ಯ ಸಂಗ್ರಹಾಗಾರ ತಮ್ಮೂರಿಗೆ ಬರುವುದನ್ನು ಶೇ 50.8 ಮಂದಿ ಒಪ್ಪಿದ್ದರು. ವರ್ಷವರ್ಷವೂ ಪರಿಹಾರಧನ ಕೊಡುತ್ತೇವೆಂದಾಗ ಒಪ್ಪಿದವರ ಪ್ರಮಾಣ ಶೇ 24.6ಕ್ಕೆ ಇಳಿಯಿತು. ಒಬ್ಬರಾದರೂ ಹೊರಬೇಕಾದ ನಾಗರಿಕ ಭಾರವೆಂದು ತಲೆಯೊಡ್ಡಿದ್ದವರು, ಹಣದ ಮಾತು ಬಂದೊಡನೆ ಅದನ್ನು ವ್ಯಾಪಾರವಾಗಿ ನೋಡಿದರು. ವ್ಯಾಪಾರವಾಗಿ ಅದು ಲಾಭದ್ದಾಗಿ ಕಾಣಲಿಲ್ಲ.

ಪಡೆಯುವವರ ಮುಖ: ಒಬ್ಬ ಗೊತ್ತಾದ ವ್ಯಕ್ತಿಯ ಕಷ್ಟಕ್ಕೆ ಬರುವ ನೆರವು ಅಂಕಿಸಂಖ್ಯೆಯಲ್ಲಿ ಹೇಳಿದ ಸಾವಿರಾರು ಜನರ ಕಷ್ಟಕ್ಕೆ ಬರುವುದಿಲ್ಲ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಫ್ರಿಕಾದ ಒಬ್ಬ ಹಸಿದ ಬಾಲಕಿಯ ಚಿತ್ರ ಮತ್ತು ಕಥೆ ಕಂಡವರು, ಬರಗಾಲದ ಅಂಕಿಗಳನ್ನು ಓದಿದವರ ಎರಡರಷ್ಟು ಕೊಟ್ಟರು. ಬಾಲಕಿಯ ಕಥೆಯ ಜೊತೆಗೆ ಅಂಕಿಗಳನ್ನೂ ಸೇರಿಸಿದಾಗ ಕೊಡುಗೆ ಹೆಚ್ಚುವ ಬದಲು ಇಳಿಯಿತು. ದೊಡ್ಡ ದುರಂತಗಳಿಗೆ ನಿಧಿ ಕೂಡಿಸುವವರು ಒಂದೇ ಮಗುವಿನ ಚಿತ್ರ ಮುಂದಿಡುವುದು ಈ ಕಾರಣಕ್ಕೆ. ಇದರಿಂದ ಚಿತ್ರಕ್ಕೆ ಒಗ್ಗದ ಕೆಲಸಗಳು, ಚರಂಡಿ ದುರಸ್ತಿ ಅಥವಾ ಲಸಿಕೆಯ ಶೀತಲ ಪೆಟ್ಟಿಗೆಯಂಥವು, ಹಿಂದೆ ಬೀಳುತ್ತವೆ ಎಂಬುದೂ ಅಷ್ಟೇ ನಿಜ.

ತಪ್ಪಿಸಿಕೊಳ್ಳುವ ದಾರಿ: ಕೊಡುವವರೆಲ್ಲ ಕೊಡಲು ಬಯಸಿದವರಲ್ಲ. ಅಮೆರಿಕದ ಶಿಕಾಗೋ ಸುತ್ತಮುತ್ತ ಮನೆಮನೆ ಚಂದಾ ಎತ್ತುವ ಮುನ್ನ ಬರುವ ದಿನ, ಹೊತ್ತು ತಿಳಿಸುವ ಚೀಟಿಯನ್ನು ಬಾಗಿಲಿಗೆ ನೇತುಹಾಕಿದಾಗ ಬಾಗಿಲು ತೆರೆಯುವವರು ಕಡಿಮೆಯಾದರು. ‘ನಮ್ಮಲ್ಲಿಗೆ ಬರಬೇಡಿ’ ಎಂದು ಗುರುತು ಹಾಕುವ ಅವಕಾಶವನ್ನೂ ಚೀಟಿಯಲ್ಲೇ ಕೊಟ್ಟಾಗ ಕೊಡುವವರ ಪ್ರಮಾಣ ಶೇ 28–42ರಷ್ಟು ಇಳಿಯಿತು. ಸ್ಟೆಫಾನೊ ಡೆಲ್ಲಾವಿಞಾ, ಜಾನ್ ಲಿಸ್ಟ್, ಉಲ್ರೀಕ ಮಾಲ್ಮೆಂಡಿಯರ್ 2012ರಲ್ಲಿ ಪ್ರಕಟಿಸಿದ ಈ ಫಲಿತಾಂಶ, ದಾಕ್ಷಿಣ್ಯಕ್ಕೆ ಬಿದ್ದು ಕೊಡುವುದು ದಾನದ ಎಷ್ಟು ದೊಡ್ಡ ಭಾಗ ಎಂಬುದನ್ನು ತೋರಿಸುತ್ತದೆ.

ಕನ್ನಡ ನಾಡಿನ ಪದ್ಧತಿಗಳು

ಕರ್ನಾಟಕದಲ್ಲಿ ಕೊಡುವ ಮನಸ್ಸಿಗೆ ಸಾಂಸ್ಥಿಕ ರೂಪ ಕೊಟ್ಟ ಹಲವು ವ್ಯವಸ್ಥೆಗಳಿದ್ದವು, ಕೆಲವು ಈಗಲೂ ಇವೆ. ಇವುಗಳಲ್ಲಿ ಕೆರೆಗೆ ಸಂಬಂಧಿಸಿದವು ಹೆಚ್ಚು ದಾಖಲಾಗಿವೆ. ಕೆರೆ ಕಟ್ಟಿಸಿದವರಿಗೆ ಅಥವಾ ದುರಸ್ತಿ ಮಾಡಿದವರಿಗೆ ಭೂಮಿ ಬಿಟ್ಟುಕೊಡುವ ‘ಕಟ್ಟುಕೊಡಗೆ’, ಹತ್ತನೇ ಒಂದರ ಲೆಕ್ಕದಲ್ಲಿ ಸಲ್ಲುವ ‘ದಶವಂದ’, ಕೆರೆಯ ಪಾಲನೆಗೆಂದು ಅಚ್ಚುಕಟ್ಟಿನ ಭೂಮಿ ಅಥವಾ ಫಸಲಿನ ಪಾಲನ್ನು ಮೀಸಲಿಡುವ ‘ಬಿತ್ತುವಟ್ಟ’ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ರೂಪದಲ್ಲಿ ಪಾಲು ಸಲ್ಲುತ್ತಿತ್ತು. ಈ ಏರ್ಪಾಟುಗಳನ್ನು ಬರಿಯ ಪುಣ್ಯಕಾರ್ಯವೆಂದು ಓದಿದರೆ ಅವುಗಳ ಒಳಗಟ್ಟು ತಪ್ಪಿಹೋಗುತ್ತದೆ. ಕೊಡುವವನಿಗೆ ಪುಣ್ಯದ ಜೊತೆಗೆ ಭೂಮಿ ಇತ್ತು, ಹೆಸರು ಕಲ್ಲಿನ ಮೇಲೆ ನಿಲ್ಲುತ್ತಿತ್ತು, ಕೊಟ್ಟದ್ದನ್ನು ಅಳಿಪಿದವನಿಗೆ ಶಾಪವೂ ಅದೇ ಕಲ್ಲಿನ ಮೇಲಿತ್ತು. ಲಾಭ, ಕೀರ್ತಿ, ಶಿಕ್ಷೆ ಮೂರನ್ನೂ ಒಂದೇ ಕಡೆ ಬರೆದಿಟ್ಟ ಕರಾರು ಅದು.

ಮುಯ್ಯಿ ಇನ್ನೊಂದು ಬಗೆಯದು. ಮದುವೆ ಮನೆಯಲ್ಲಿ ಮೇಜು ಹಾಕಿ ಕುಳಿತ ನೆಂಟರೊಬ್ಬರು ಉದ್ದನೆಯ ಪುಸ್ತಕದಲ್ಲಿ ಕೊಟ್ಟವರ ಹೆಸರು, ಊರು, ಮೊತ್ತವನ್ನು ಸಾಲಾಗಿ ಬರೆದುಕೊಳ್ಳುತ್ತಾರೆ. ಮೊತ್ತ 101, 501, 1001 ಎಂದು ಒಂದು ರೂಪಾಯಿ ಮೇಲಿಟ್ಟೇ ಇರುತ್ತದೆ. ಆ ಪುಸ್ತಕ ಬೀರುವಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅದನ್ನು ತೆಗೆದು ನೋಡಿ ಅಷ್ಟನ್ನೋ, ಅದಕ್ಕಿಂತ ತುಸು ಹೆಚ್ಚನ್ನೋ ಹಿಂದಿರುಗಿಸುತ್ತಾರೆ. ಬೇಸಾಯದಲ್ಲಿ ಇದೇ ತತ್ವ ಮುಯ್ಯಾಳಾಗಿ ಕಾಣುತ್ತದೆ: ಇವತ್ತು ಇವರ ಗದ್ದೆಯ ನಾಟಿಗೆ ಅವರ ಮನೆಯಾಳು, ನಾಳೆ ಅವರ ಗದ್ದೆಗೆ ಇವರ ಮನೆಯಾಳು. ಬಡ್ಡಿಯಿಲ್ಲದ ಸಾಲಕ್ಕೂ ಕೊಡುಗೆಗೂ ನಡುವಿನ ಈ ವ್ಯವಸ್ಥೆ ಮಾಸ್ ಹೇಳಿದ ಮೂರು ಕಟ್ಟಳೆಗಳಿಗೆ ಸರಿಯಾದ ಉದಾಹರಣೆ. ಹನ್ನೆರಡನೇ ಶತಮಾನದ ಶರಣರ ದಾಸೋಹ ಇದಕ್ಕಿಂತ ಭಿನ್ನ. ಅಲ್ಲಿ ಕೊಡಬೇಕಾದದ್ದು ಸ್ವಂತ ಕಾಯಕದ ಗಳಿಕೆಯಿಂದ, ಪಡೆಯುವವನಿಗೆ ಹಿಂದಿರುಗಿಸುವ ಹೊರೆ ಇಲ್ಲ.

ಈ ಪದ್ಧತಿಗಳಿಗೆ ಸಂಸ್ಕೃತಿಯೊಂದೇ ಕಾರಣವೆನ್ನಲಾಗದು. ರಾಬರ್ಟ್ ವೇಡ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯದು. ಒಂದೇ ಜಿಲ್ಲೆ, ಒಂದೇ ಬಗೆಯ ಜಾತಿ ರಚನೆ, ಒಂದೇ ದೇವರುಗಳಿದ್ದ ಹಳ್ಳಿಗಳಲ್ಲಿ ಕೆಲವು ಸಾಮೂಹಿಕ ನಿಧಿ ಕಟ್ಟಿಕೊಂಡು, ನೀರು ಹಂಚಲು, ಬೆಳೆ ಕಾಯಲು ಆಳುಗಳನ್ನು ನೇಮಿಸಿಕೊಂಡಿದ್ದವು. ಕೆಲವು ಏನೂ ಮಾಡಿರಲಿಲ್ಲ. ವ್ಯತ್ಯಾಸ ಇದ್ದದ್ದು ಕಾಲುವೆಯ ಮೇಲೆ ಹಳ್ಳಿ ಇರುವ ಜಾಗದಲ್ಲಿ. ನೀರು ತಲುಪುವುದೇ ಸಂದೇಹವಾದ ಕೊನೆಯ ಹಳ್ಳಿಗಳು ಒಗ್ಗೂಡಿದ್ದವು, ನೀರು ಧಾರಾಳವಾಗಿದ್ದ ಮೇಲಿನ ಹಳ್ಳಿಗಳಿಗೆ ಆ ಗೋಜು ಬೇಕಿರಲಿಲ್ಲ.

ಆಕ್ಷೇಪಗಳು

ಕೊಡುವ ಮನಸ್ಸನ್ನು ಸನ್ನಿವೇಶವೇ ರೂಪಿಸುತ್ತದೆ ಎಂಬ ವಾದಕ್ಕೆ ಬಂದಿರುವ ಆಕ್ಷೇಪಗಳಲ್ಲಿ ಮೊದಲನೆಯದು, ಪ್ರಯೋಗಗಳಲ್ಲಿ ಪಣ ತೀರ ಸಣ್ಣದು, ದೊಡ್ಡ ಮೊತ್ತ ಬಂದರೆ ಸ್ವಾರ್ಥವೇ ಗೆಲ್ಲುತ್ತದೆ ಎಂಬುದು. ಇದರಲ್ಲಿ ಹುರುಳಿದೆ. ಸ್ಟೆಫನ್ ಆ್ಯಂಡರ್ಸನ್ ಮತ್ತು ಸಂಗಡಿಗರು ಮೇಘಾಲಯದ ಹಳ್ಳಿಗಳಲ್ಲಿ ಅಂತಿಮ ಷರತ್ತಿನ ಆಟವನ್ನು 20 ರೂಪಾಯಿಯಿಂದ 20,000 ರೂಪಾಯಿವರೆಗಿನ ಪಣವಿಟ್ಟು ಆಡಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಣ ಹೆಚ್ಚಿದಂತೆ ಕಡಿಮೆ ಪಾಲನ್ನೂ ತಿರಸ್ಕರಿಸುವವರು ವಿರಳವಾದರು; ಅತಿ ಹೆಚ್ಚಿನ ಪಣದಲ್ಲಿ ತಿರಸ್ಕಾರ ಬಹುತೇಕ ಮಾಯವಾಯಿತು. ನ್ಯಾಯಪ್ರಜ್ಞೆಗೂ ಬೆಲೆಯಿದೆ, ಆ ಬೆಲೆಗೆ ಮಿತಿಯಿದೆ ಎಂಬುದನ್ನು ಇದರಿಂದ ಒಪ್ಪಬೇಕಾಗುತ್ತದೆ. ಆದರೆ ಕೆರೆ ದುರಸ್ತಿ, ರಸ್ತೆ ತೆರಿಗೆ, ರಕ್ತದಾನದಂಥ ದಿನಬಳಕೆಯ ಕೊಡುಗೆಗಳಲ್ಲಿ ಒಬ್ಬೊಬ್ಬರ ಪಣ ವರ್ಷದ ದುಡಿಮೆಯಷ್ಟಿರುವುದಿಲ್ಲ. ಸಾಧಾರಣ ಪಣದ ವಲಯದಲ್ಲಿ ಆಕ್ಷೇಪದ ಬಲ ಕುಗ್ಗುತ್ತದೆ.

ಹಣ ಕೊಡುಗೆಯನ್ನು ಕೆಡಿಸುತ್ತದೆ ಎಂಬ ಮಾತನ್ನು ಹಿಗ್ಗಿಸಲಾಗಿದೆ ಎಂಬುದು ಎರಡನೆಯದು. ರಕ್ತಕ್ಕೆ ಹಣ ಕೊಟ್ಟರೆ ದಾನಿಗಳೂ ಕಡಿಮೆಯಾಗುತ್ತಾರೆ, ರಕ್ತದ ಗುಣವೂ ಕೆಡುತ್ತದೆ ಎಂದು ರಿಚರ್ಡ್ ಟಿಟ್ಮಸ್ 1970ರಲ್ಲಿ ವಾದಿಸಿದ್ದ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಣದ ಆಸೆ ತೋರಿಸಿದಾಗ ರಕ್ತ ಕೊಡಲು ಮುಂದೆ ಬಂದ ಹೆಂಗಸರ ಪ್ರಮಾಣ ಶೇ 52ರಿಂದ ಶೇ 30ಕ್ಕೆ ಇಳಿಯಿತು, ಗಂಡಸರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ಹಣವನ್ನು ದತ್ತಿ ಸಂಸ್ಥೆಗೆ ಕೊಡುವ ಅವಕಾಶವಿತ್ತಾಗ ಹೆಂಗಸರ ಪ್ರಮಾಣ ಹಿಂದಿನಷ್ಟಾಯಿತು. ಆದರೆ ಮುಂದಿನ ಕ್ಷೇತ್ರಾಧ್ಯಯನಗಳು ಉಡುಗೊರೆ, ಕೂಪನ್, ರಜೆಯಂಥ ಪ್ರೋತ್ಸಾಹ ದಾನಿಗಳನ್ನು ಹೆಚ್ಚಿಸಿದ್ದನ್ನೂ ತೋರಿಸಿವೆ. ಇಲ್ಲಿ ವಿರೋಧಾಭಾಸವೇನಿಲ್ಲ. ಕೊಡುಗೆಯನ್ನು ಬೆಲೆಯಾಗಿ ಮಾರ್ಪಡಿಸುವ ಹಣ ಒಂದು, ಕೊಟ್ಟವರ ಕಷ್ಟವನ್ನು ಗುರುತಿಸುವ ಉಡುಗೊರೆ ಇನ್ನೊಂದು. ಭಾರತದಲ್ಲಿ ಈ ಪ್ರಶ್ನೆ ಕಾನೂನಿನಿಂದ ತೀರ್ಮಾನವಾಗಿದೆ: ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಅನುಸಾರ ಹಣ ಪಡೆದು ರಕ್ತ ಕೊಡುವುದು 1998ರ ಜನವರಿ 1ರಿಂದ ನಿಷಿದ್ಧ.

ಮೂರನೆಯ ಆಕ್ಷೇಪ ಇತಿಹಾಸಕಾರರದ್ದು, ಎಲ್ಲಕ್ಕಿಂತ ಗಂಭೀರವಾದದ್ದು. ತಮಿಳುನಾಡಿನ ಕೆರೆಗಳನ್ನು ಕುರಿತು 2003ರಲ್ಲಿ ಬರೆದ ಡೇವಿಡ್ ಮೊಸ್, ಹಳೆಯ ಗ್ರಾಮಸಹಕಾರವೆಂಬ ಚಿತ್ರದ ಹಿಂದೆ ಒಡೆತನ, ಜಾತಿ ಮತ್ತು ಅಧಿಕಾರದ ಒತ್ತಾಯ ಎಷ್ಟಿತ್ತೆಂದು ತೋರಿಸಿದ. ಹೂಳೆತ್ತಿದವರಲ್ಲಿ ಹಲವರಿಗೆ ಕೆರೆಯಡಿಯಲ್ಲಿ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಬಿಟ್ಟಿ ಚಾಕರಿಯನ್ನು ಸಹಕಾರವೆಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ ಎಂಬ ಈ ಎಚ್ಚರಿಕೆ ಕರ್ನಾಟಕಕ್ಕೂ ಸಲ್ಲುತ್ತದೆ. ಷರತ್ತಿನ ಸಹಕಾರದ ಸಿದ್ಧಾಂತ ಇದರಿಂದ ಮುರಿಯುವುದಿಲ್ಲವಾದರೂ, ಕೊಡುವವರಿಗೆ ಇಲ್ಲವೆನ್ನುವ ಶಕ್ತಿ ಇದ್ದಾಗ ಮಾತ್ರ ಅದು ಅನ್ವಯಿಸುತ್ತದೆಂಬ ಗಡಿ ಸ್ಪಷ್ಟವಾಗುತ್ತದೆ. ದಂಡದ ವಿಷಯದಲ್ಲೂ ಇಂಥದೇ ಗಡಿಯಿದೆ. 16 ನಗರಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಥೆನ್ಸ್, ಮಸ್ಕತ್‌ನಂಥ ಕೆಲವು ಕಡೆ ಹೆಚ್ಚು ಕೊಟ್ಟವರಿಗೂ ದಂಡ ಬಿತ್ತು. ಅಲ್ಲಿ ದಂಡದ ಅಧಿಕಾರ ಸಹಕಾರವನ್ನು ಬೆಳೆಸಲಿಲ್ಲ.

ಬಳಕೆ

ಭಾರತದಲ್ಲಿ ತ್ಯಾಗಕ್ಕೆ ಸಾರ್ವಜನಿಕ ಕರೆ ಕೊಟ್ಟ ಪ್ರಸಂಗಗಳಲ್ಲಿ ಮೂರನ್ನು ಹೋಲಿಸಿ ನೋಡುವುದು ಉಪಯುಕ್ತ. ವಿನೋಬಾ ಭಾವೆಯವರ ಭೂದಾನ 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ 100 ಎಕರೆಯಿಂದ ಆರಂಭವಾಯಿತು. ಐದು ಕೋಟಿ ಎಕರೆಯ ಗುರಿಯಿಟ್ಟ ಚಳವಳಿಗೆ 40 ಲಕ್ಷ ಎಕರೆಗೂ ಹೆಚ್ಚು ದಾನ ಬಂತು. ಅದರಲ್ಲಿ ಬಹಳಷ್ಟು ಬರಡು ಅಥವಾ ವ್ಯಾಜ್ಯದ ಭೂಮಿ, ಹಂಚದೆ ಉಳಿದದ್ದೂ ಬಹಳ. ಸಭೆಯಲ್ಲಿ ಎದ್ದುನಿಂತು ಘೋಷಿಸುವುದಕ್ಕೆ ಇದ್ದ ಒತ್ತಡ ಪತ್ರ ಮಾಡಿಕೊಡುವುದಕ್ಕೆ ಇರಲಿಲ್ಲ. 1965ರಲ್ಲಿ ಆಹಾರದ ಕೊರತೆಯ ನಡುವೆ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತಿನ ಊಟ ಬಿಡಲು ಕೇಳಿಕೊಂಡಾಗ ಕೇಳಿಕೆ ಸಣ್ಣದು, ಎಲ್ಲರಿಗೂ ಒಂದೇ, ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಮುಚ್ಚಿದ್ದು ಕಣ್ಣಿಗೆ ಕಾಣುತ್ತಿತ್ತು.

2015ರ ಮಾರ್ಚಿನಲ್ಲಿ ಆರಂಭವಾದ ಅಡುಗೆ ಅನಿಲ ಸಬ್ಸಿಡಿ ಬಿಟ್ಟುಕೊಡುವ ಅಭಿಯಾನ ಮೂರನೆಯದು. ಬಿಟ್ಟ ಸಬ್ಸಿಡಿ ಬಡ ಮನೆಯೊಂದರ ಒಲೆಗೆ ಸಲ್ಲುತ್ತದೆ ಎಂಬ ಮಾತು, ಬಿಟ್ಟವರ ಹೆಸರಿನ ಪಟ್ಟಿಯ ಪ್ರಕಟಣೆ, ಒಂದು ಎಸ್ಸೆಮ್ಮೆಸ್ಸಿನಲ್ಲಿ ಮುಗಿಯುವ ವಿಧಾನ ಮೂರೂ ಅದರಲ್ಲಿದ್ದವು. ಒಂದು ವರ್ಷದೊಳಗೆ ಸುಮಾರು ಒಂದು ಕೋಟಿ ಗ್ರಾಹಕರು ಬಿಟ್ಟುಕೊಟ್ಟರು. ಕಚ್ಚಾತೈಲದ ದರ ಕುಸಿದು ಸಿಲಿಂಡರಿನ ಮೇಲಿನ ಸಬ್ಸಿಡಿ ಆಗಲೇ ಇಳಿದಿತ್ತು ಎಂಬುದನ್ನು ಈ ಅಂಕಿಯ ಜೊತೆಗೇ ಓದಬೇಕು. ತ್ಯಾಗದ ಬೆಲೆಯೂ ಅಗ್ಗವಾಗಿತ್ತು. 2016ರ ಜನವರಿಯಿಂದ ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ತೆರಿಗೆಯೋಗ್ಯ ಆದಾಯದವರಿಗೆ ಸಬ್ಸಿಡಿಯನ್ನೇ ನಿಲ್ಲಿಸಲಾಯಿತು.

ನಗರಾಡಳಿತದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 2000ದಲ್ಲಿ ತಂದ ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿ ಗಮನಾರ್ಹ. ದರದ ಲೆಕ್ಕ ಮೊದಲೇ ಪ್ರಕಟವಾಗಿ, ಮನೆಯವರೇ ಅಳತೆ ಹಾಕಿ ತೆರಿಗೆ ಗುಣಿಸಿಕೊಳ್ಳುವಂತಾದಾಗ ನಿರೀಕ್ಷಕರ ಮರ್ಜಿಗೆ ಜಾಗ ಕಡಿಮೆಯಾಯಿತು, ಸಂಗ್ರಹ ಏರಿತು.

ಇಂದಿನ ಸ್ಥಿತಿ

ಕೊಡುಗೆಯನ್ನು ಕಡ್ಡಾಯ ಮಾಡುವತ್ತ ಕಾನೂನು ಒಂದು ಹೆಜ್ಜೆ ಇಟ್ಟಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಗಳಿಗೆ ವಿನಿಯೋಗಿಸಬೇಕು. ಇದನ್ನು ಕೊಡುವ ಮನಸ್ಸಿನ ಅಡಿಯಲ್ಲಿ ಎಣಿಸಬೇಕೋ ತೆರಿಗೆಯ ಅಡಿಯಲ್ಲೋ ಎಂಬುದರಲ್ಲಿ ಒಮ್ಮತವಿಲ್ಲ. ಸಂಶೋಧನೆಯಲ್ಲಿ ದೊಡ್ಡ ಕೊರತೆ ಮಾದರಿಯದ್ದು. ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 15 ಸಣ್ಣ ಸಮಾಜಗಳಲ್ಲಿ ಅಂತಿಮ ಷರತ್ತಿನ ಆಟ ಆಡಿಸಿದಾಗ ಪೆರುವಿನ ಮಾಚಿಗೆಂಗಾ ಜನ ಸರಾಸರಿ ಕಾಲುಭಾಗದ ಆಸುಪಾಸು ಕೊಟ್ಟರೆ, ಹತ್ತಾರು ಕೈ ಸೇರದೆ ತಿಮಿಂಗಿಲ ಬೇಟೆಯೇ ಸಾಗದ ಇಂಡೊನೇಷ್ಯಾದ ಲಮಲೆರಾ ಜನ ಅರ್ಧಕ್ಕಿಂತ ಹೆಚ್ಚು ಕೊಟ್ಟರು. ಅಂದರೆ ಪಾಶ್ಚಾತ್ಯ ವಿದ್ಯಾರ್ಥಿಗಳ ಉತ್ತರವನ್ನು ಮನುಷ್ಯಕುಲದ ಉತ್ತರವೆಂದು ತೆಗೆದುಕೊಳ್ಳುವಂತಿಲ್ಲ.

ಹೇಳುವುದಕ್ಕೂ ಕೊಡುವುದಕ್ಕೂ ನಡುವಿನ ಅಂತರ ಇನ್ನೊಂದು ಬಗೆಹರಿಯದ ವಿಷಯ. ಕರ್ನಾಟಕದಲ್ಲಿ ಇದು ನೇತ್ರದಾನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಟ ರಾಜಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ, ನಟ ಪುನೀತ್ ರಾಜಕುಮಾರ್ ನಿಧನರಾದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ನಂತರದ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರ ಸಂಖ್ಯೆ ರಾಜ್ಯದಾದ್ಯಂತ ಏಕಾಏಕಿ ಏರಿತು. ಗೌರವದ ವ್ಯಕ್ತಿಯೊಬ್ಬರ ಕಣ್ಣಿಗೆ ಕಾಣುವ ನಡತೆ ವರ್ಷಗಳ ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡಿದ ನಿದರ್ಶನ ಇದು. ಆದರೆ ನೋಂದಣಿಯೇ ದಾನವಲ್ಲ. ಬರೆದುಕೊಟ್ಟ ಒಪ್ಪಿಗೆ ಇದ್ದರೂ ಸಾವಿನ ನಂತರ ಸುಮಾರು ಆರು ಗಂಟೆಗಳೊಳಗೆ ಮನೆಯವರು ನೇತ್ರಭಂಡಾರಕ್ಕೆ ಕರೆ ಮಾಡಿ ಸಮ್ಮತಿಸಿದರಷ್ಟೇ ಕಣ್ಣನ್ನು ಪಡೆಯಲಾಗುತ್ತದೆ. ಕಾರ್ನಿಯ ಕಸಿಗಾಗಿ ಕಾಯುವವರ ಪಾಲಿಗೆ ಲೆಕ್ಕಕ್ಕೆ ಬರುವುದು ಆ ಕರೆ ಮಾತ್ರ.